ಹಳೇ ಕಾರಿನ ವ್ಯಾಕ್ಯೂಮ್ ಪೈಪುಗಳು ಮತ್ತು ಚೆಕ್ ವಾಲ್ವ್: ಮೂರು ತೊಂದರೆ, ಒಂದೇ ಬೇರು

ಪ್ರಶ್ನೆ: ನನ್ನದು ಕಾರ್ಬ್ಯುರೇಟರ್ ಇರುವ ಹಳೇ ಪೆಟ್ರೋಲ್ ಕಾರು. ಐಡ್ಲಿಂಗ್‌ನಲ್ಲಿ ನಡುಗುತ್ತದೆ. ಬಾನೆಟ್ ಎತ್ತಿದರೆ ಎಲ್ಲೋ ಉಸ್ ಎನ್ನುವ ಸದ್ದು. ಏರು ಹತ್ತುವಾಗ ಎ.ಸಿ. ಗಾಳಿ ಮುಖಕ್ಕೆ ಬರುವುದು ನಿಂತು ಮುಂದಿನ ಗಾಜಿನ ಕಡೆ ಹೋಗುತ್ತದೆ, ಇಳಿಜಾರು ಬಂದರೆ ತಾನಾಗಿ ಸರಿಹೋಗುತ್ತದೆ. ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಹಿಂದಿನ ಮಾಲೀಕರು ಎರಡು ಪೈಪುಗಳ ಬಾಯಿಗೆ ಸ್ಕ್ರೂ ತಿರುಗಿಸಿಟ್ಟಿದ್ದಾರೆ. ಇನ್ನೊಂದು ಪೈಪಿನ ಮಧ್ಯೆ ಅರ್ಧ ಕಪ್ಪು, ಅರ್ಧ ಬಿಳಿ ಬಣ್ಣದ ಪ್ಲಾಸ್ಟಿಕ್ ಬಿಲ್ಲೆಯಂಥದ್ದು ಇದೆ. ಅದೇನು? ಯಾವ ದಿಕ್ಕಿಗೆ ಹಾಕಬೇಕು? ತೆಗೆದುಬಿಟ್ಟರೆ ಏನಾಗುತ್ತದೆ?

ಉತ್ತರ: ಮೊದಲು ಬ್ರೇಕಿನ ಮಾತು ಮುಗಿಸೋಣ, ಯಾಕಂದರೆ ಉಳಿದದ್ದೆಲ್ಲ ಕಾಯಬಹುದು, ಅದು ಕಾಯುವುದಿಲ್ಲ. ಎಂಜಿನ್ ಆಫ್ ಆದ ಐದೇ ನಿಮಿಷಕ್ಕೆ ಮೊದಲ ಒತ್ತಿಗೇ ಪೆಡಲ್ ಗಟ್ಟಿ ಅಂದರೆ ಬೂಸ್ಟರ್ (ಬ್ರೇಕ್ ಒತ್ತುವ ಕಾಲಿಗೆ ಬಲ ಸೇರಿಸುವ ಡಬ್ಬಿ) ತನ್ನೊಳಗೆ ಕೂಡಿಟ್ಟುಕೊಳ್ಳಬೇಕಾದ ವ್ಯಾಕ್ಯೂಮ್, ಅಂದರೆ ಹೊರಗಿಗಿಂತ ಕಡಿಮೆ ಇರುವ ಗಾಳಿಯ ಒತ್ತಡ, ಸೋರಿಹೋಗಿದೆ. ಓಡುವಾಗ ಎಂಜಿನ್ ಏನಾದರೂ ನಿಂತುಹೋದರೆ ಆ ಕ್ಷಣದಲ್ಲಿ ನಿಮ್ಮ ಕಾಲಿಗೆ ಯಾವ ಸಹಾಯವೂ ಸಿಗುವುದಿಲ್ಲ. ಬ್ರೇಕ್ ಆಗ ಪೂರ್ತಿ ಹೋಗಿರುವುದಿಲ್ಲ, ಜೋರಾಗಿ ತುಳಿದರೆ ಹಿಡಿಯುತ್ತದೆ, ಆದರೆ ಎಷ್ಟು ಜೋರಾಗಿ ತುಳಿಯಬೇಕು ಅನ್ನುವುದು ಅಭ್ಯಾಸ ಇಲ್ಲದವರಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದ ಬೂಸ್ಟರ್ ಸರಿಹೋಗುವ ತನಕ ಈ ಕಾರನ್ನು ರಸ್ತೆಗೆ ಇಳಿಸಬೇಡಿ. ಸರಿ ಮಾಡುವುದು ಕಷ್ಟದ ಕೆಲಸವಲ್ಲ.

ನೀವು ಹೇಳಿದ ಮೂರು ತೊಂದರೆಗಳು ಬೇರೆ ಬೇರೆ ಅನ್ನಿಸುತ್ತವೆ, ಆದರೆ ನನಗೆ ಅವು ಒಂದೇ ಕಡೆ ಬೆರಳು ತೋರಿಸುತ್ತಿವೆ. ಎಂಜಿನ್ ಹುಟ್ಟಿಸುವ ವ್ಯಾಕ್ಯೂಮ್ ಒಂದೋ ದಾರಿಯಲ್ಲೇ ಸೋರುತ್ತಿದೆ, ಇಲ್ಲವೇ ಕೂಡಿಟ್ಟ ಜಾಗದಿಂದ ವಾಪಸ್ ಹರಿದುಹೋಗುತ್ತಿದೆ. ಮೊದಲನೆಯದು ಪೈಪಿನ ದೋಷ, ಎರಡನೆಯದು ಚೆಕ್ ವಾಲ್ವಿನ ದೋಷ. ನಿಮ್ಮ ಕಾರಿನಲ್ಲಿ ಎರಡೂ ಇರುವ ಹಾಗಿದೆ.

ಈ ವ್ಯಾಕ್ಯೂಮ್ ಬರುವುದು ಎಲ್ಲಿಂದ? ಪಿಸ್ಟನ್ ಕೆಳಗಿಳಿಯುವಾಗ ಗಾಳಿ ಎಳೆಯುತ್ತದೆ, ಆದರೆ ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಿಲ್ಲೆ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಹೆಚ್ಚುಕಮ್ಮಿ ಮುಚ್ಚಿಯೇ ಇರುತ್ತದೆ. ಎಳೆಯುವವನು ಎಳೆಯುತ್ತಲೇ ಇದ್ದಾನೆ, ಬಾಗಿಲು ಮುಚ್ಚಿದೆ. ಹಾಗಾಗಿ ಥ್ರಾಟಲ್ ಮತ್ತು ಎಂಜಿನ್ ನಡುವಿನ ಮ್ಯಾನಿಫೋಲ್ಡ್‌ನಲ್ಲಿ ಗಾಳಿಯ ಒತ್ತಡ ಹೊರಗಿಗಿಂತ ತುಂಬಾ ಕಡಿಮೆಯಾಗುತ್ತದೆ. ಇದನ್ನು ಪಾದರಸದ ಇಂಚಿನಲ್ಲಿ ಅಳೆಯುವುದು ರೂಢಿ. ಸಮುದ್ರಮಟ್ಟದಲ್ಲಿ ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿ ಸಾಮಾನ್ಯವಾಗಿ 17ರಿಂದ 22 ಇಂಚು ತೋರಿಸುತ್ತದೆ, ಮುಳ್ಳು ಅಲುಗಾಡದೆ ನಿಲ್ಲುತ್ತದೆ. ಎತ್ತರದ ಊರಿನಲ್ಲಿ ಪ್ರತಿ 1000 ಅಡಿಗೆ ಸುಮಾರು 1 ಇಂಚು ಕಡಿಮೆ ಲೆಕ್ಕ ಹಾಕಿಕೊಳ್ಳಿ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಬಾಗಿಲು ಪೂರ್ತಿ ತೆರೆಯುತ್ತದೆ, ವ್ಯಾಕ್ಯೂಮ್ ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ. ಗೇರಿನಲ್ಲೇ ಇಳಿಜಾರಿನಲ್ಲಿ ಕಾಲು ತೆಗೆದರೆ 22 ದಾಟಿ ಮೇಲೇರುತ್ತದೆ.

ಇಲ್ಲೇ ಇಡೀ ವಿಷಯದ ಗುಟ್ಟಿದೆ. ಎಂಜಿನ್ ಕೊಡುವ ವ್ಯಾಕ್ಯೂಮ್ ನಿಮ್ಮ ಬಲಗಾಲಿನ ಜೊತೆ ಏರುತ್ತದೆ, ಇಳಿಯುತ್ತದೆ. ಆದರೆ ಬ್ರೇಕಿಗೆ, ಎ.ಸಿ. ಬಾಗಿಲುಗಳಿಗೆ ಅದು ಯಾವಾಗಲೂ ಬೇಕು. ಹಳೇ ಕಾಲದ ಕೆಲವು ಕಾರುಗಳಲ್ಲಿ ವೈಪರ್ ಕೂಡ ವ್ಯಾಕ್ಯೂಮಿನಿಂದಲೇ ಓಡುತ್ತಿತ್ತು. ಮಳೆಯಲ್ಲಿ ಏರು ಹತ್ತುವಾಗ ವೈಪರ್ ತೆವಳುತ್ತಾ ನಿಂತೇಹೋಗುತ್ತಿತ್ತು, ಕಾಲು ತೆಗೆದ ಕೂಡಲೇ ಪಟಪಟ ಬಡಿಯುತ್ತಿತ್ತು. ನಿಮ್ಮ ಎ.ಸಿ. ಮಾಡುತ್ತಿರುವುದೂ ಅದನ್ನೇ. ಡ್ಯಾಶ್‌ಬೋರ್ಡ್ ಒಳಗಿನ ಗಾಳಿ ಬಾಗಿಲುಗಳನ್ನು ತೆಳ್ಳನೆ ರಬ್ಬರ್ ಪೊರೆಗಳು, ಅಂದರೆ ಸಣ್ಣ ಡಯಾಫ್ರಾಮ್‌ಗಳು ಎಳೆದು ಹಿಡಿದಿರುತ್ತವೆ. ವ್ಯಾಕ್ಯೂಮ್ ಹೋದರೆ ಸ್ಪ್ರಿಂಗ್ ಬಾಗಿಲನ್ನು ಗಾಜಿನ ಕಡೆಗೆ ತಳ್ಳಿಬಿಡುತ್ತದೆ. ಏನೇ ಕೆಟ್ಟರೂ ಗಾಜಿನ ಮೇಲಿನ ಮಂಜು ಹೋಗಲಿ, ಚಾಲಕರಿಗೆ ರಸ್ತೆ ಕಾಣಲಿ ಅಂತ ಯೋಚಿಸಿಯೇ ಹಾಗೆ ಮಾಡಿದ್ದಾರೆ. ಏರಿನಲ್ಲಿ ಕಾಲು ಒತ್ತಿದಿರಿ, ವ್ಯಾಕ್ಯೂಮ್ ಬಿತ್ತು, ಬಾಗಿಲು ಜಾರಿತು. ಇಳಿಜಾರಿನಲ್ಲಿ ಕಾಲು ತೆಗೆದಿರಿ, ವ್ಯಾಕ್ಯೂಮ್ ಬಂತು, ಬಾಗಿಲು ವಾಪಸ್ ಬಂತು.

ಹೀಗಾಗಬಾರದು ಅಂತಲೇ ಚೆಕ್ ವಾಲ್ವ್ ಇರುವುದು. ಮನೆಯ ಬೋರಿನ ಪೈಪಿನಲ್ಲಿ ನೀರು ವಾಪಸ್ ಇಳಿಯದ ಹಾಗೆ ಒಂದು ವಾಲ್ವ್ ಹಾಕುತ್ತೇವಲ್ಲ, ಕೆಲಸ ಅದೇ, ಇಲ್ಲಿ ಗಾಳಿಗೆ. ಗಾಳಿ ಬೂಸ್ಟರಿನಿಂದ ಅಥವಾ ವ್ಯಾಕ್ಯೂಮ್ ಡಬ್ಬಿಯಿಂದ (ಎ.ಸಿ. ಬಾಗಿಲುಗಳಿಗೆ ವ್ಯಾಕ್ಯೂಮ್ ಕೂಡಿಡುವ ಡಬ್ಬಿ) ಎಂಜಿನ್ ಕಡೆಗೆ ಹೋಗಬಹುದು, ಎಂಜಿನ್ ಕಡೆಯಿಂದ ವಾಪಸ್ ಬರುವಂತಿಲ್ಲ. ಹಾಗಾಗಿ ಎಂಜಿನ್ ಅತಿ ಹೆಚ್ಚು ಎಳೆದಾಗ ಸಿಕ್ಕ ವ್ಯಾಕ್ಯೂಮ್ ಒಳಗೇ ಉಳಿಯುತ್ತದೆ, ನೀವು ಆಕ್ಸಿಲರೇಟರ್ ಒತ್ತಿದರೂ, ಎಂಜಿನ್ ಆಫ್ ಮಾಡಿದರೂ. ಇನ್ನೂ ಎರಡು ಉಪಕಾರ ಇದೆ. ಎಂಜಿನ್ ಕಾರ್ಬ್ಯುರೇಟರ್ ಕಡೆಗೆ ಬ್ಯಾಕ್‌ಫೈರ್ ಆದರೆ, ಅಂದರೆ ಬೆಂಕಿ ಹಿಂದಕ್ಕೆ ಸಿಡಿದರೆ, ಆ ಹೊಡೆತ ಬೂಸ್ಟರಿನ ಡಯಾಫ್ರಾಮ್‌ಗೆ ತಾಗದ ಹಾಗೆ ಅದು ತಡೆಯುತ್ತದೆ. ಮ್ಯಾನಿಫೋಲ್ಡ್‌ನಲ್ಲಿರುವ ಪೆಟ್ರೋಲ್ ಹಬೆ ಬೂಸ್ಟರ್ ಒಳಗೆ ನುಗ್ಗಿ ರಬ್ಬರನ್ನು ಕೊಳೆಸದ ಹಾಗೂ ನೋಡಿಕೊಳ್ಳುತ್ತದೆ. ಟರ್ಬೊ ಇರುವ ಎಂಜಿನ್‌ಗಳಲ್ಲಿ ಅದರ ಜವಾಬ್ದಾರಿ ಇನ್ನೂ ಜಾಸ್ತಿ, ಅಲ್ಲಿ ಮ್ಯಾನಿಫೋಲ್ಡ್ ಕೆಲವೊಮ್ಮೆ ಎಳೆಯುವ ಬದಲು ಊದುತ್ತದೆ.

ಆದ್ದರಿಂದ ತೆಗೆದುಬಿಟ್ಟರೆ ಏನಾಗುತ್ತದೆ ಅನ್ನುವ ನಿಮ್ಮ ಪ್ರಶ್ನೆಗೆ ನೇರ ಉತ್ತರ: ತೆಗೆಯಬೇಡಿ. ಐಡ್ಲಿಂಗ್‌ನಲ್ಲಿ ಎಲ್ಲವೂ ಸರಿಯಿದ್ದ ಹಾಗೆ ಕಾಣಿಸುತ್ತದೆ, ಅದೇ ಅಪಾಯ. ಕಷ್ಟ ಬರುವುದು ಏರಿನಲ್ಲಿ, ಓವರ್‌ಟೇಕ್ ಮಾಡುವಾಗ, ಎಂಜಿನ್ ನಿಂತಾಗ.

ಬೂಸ್ಟರ್ ಒಳಗಿನ ಬಲ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿದರೆ ಈ ಪುಟ್ಟ ಪ್ಲಾಸ್ಟಿಕ್ ತುಂಡಿನ ಮೇಲೆ ಗೌರವ ಬರುತ್ತದೆ. ವ್ಯಾಕ್ಯೂಮ್ ಎಳೆಯುತ್ತದೆ ಅಂತ ನಾವು ಬಾಯಿಮಾತಿಗೆ ಹೇಳುತ್ತೇವೆ, ನಿಜವಾಗಿ ತಳ್ಳುವುದು ಹೊರಗಿನ ಗಾಳಿ. ಪೆಡಲ್ ಬಿಟ್ಟಿರುವಾಗ ಬೂಸ್ಟರಿನ ಡಯಾಫ್ರಾಮ್‌ನ ಎರಡೂ ಕಡೆ ವ್ಯಾಕ್ಯೂಮ್ ಇರುತ್ತದೆ. ಪೆಡಲ್ ಒತ್ತಿದರೆ ಹಿಂದಿನ ಕಡೆಗೆ ಹೊರಗಾಳಿ ಬಿಡುತ್ತದೆ, ಮುಂದೆ ವ್ಯಾಕ್ಯೂಮ್ ಹಾಗೇ ಇದೆ, ಗಾಳಿ ಡಯಾಫ್ರಾಮ್ ಅನ್ನು ಮುಂದಕ್ಕೆ ದಬ್ಬುತ್ತದೆ. 20 ಸೆಂಟಿಮೀಟರ್ ಅಗಲದ ಡಯಾಫ್ರಾಮ್ ಅಂದುಕೊಳ್ಳಿ, ಹರವು ಸುಮಾರು 314 ಚದರ ಸೆಂಟಿಮೀಟರ್. 20 ಇಂಚು ವ್ಯಾಕ್ಯೂಮ್ ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 0.69 ಕಿಲೋ ಒತ್ತಡದ ವ್ಯತ್ಯಾಸ. ಗುಣಿಸಿದರೆ 200 ಕಿಲೋಗೂ ಜಾಸ್ತಿ ಬಲ. ಅಷ್ಟನ್ನು ಕಾಯುತ್ತಿರುವುದು ಅಂಗಿಯ ಗುಂಡಿಯಷ್ಟಗಲದ ಒಂದು ರಬ್ಬರ್ ಚೂರು.

ಆ ರಬ್ಬರ್ ಚೂರನ್ನು ನಾನು ಬಿಚ್ಚಿ ನೋಡಿದ್ದೇನೆ. ಒಮ್ಮೆ ಒಂದು ಕಾರು ಬಂತು, ನಿಮ್ಮದೇ ತರಹದ ದೂರು, ಬೆಳಗ್ಗೆ ಮೊದಲ ಒತ್ತಿಗೆ ಪೆಡಲ್ ಗಟ್ಟಿ. ಮಾಲೀಕರು ಬೂಸ್ಟರನ್ನೇ ಬದಲಾಯಿಸಲು ತಯಾರಾಗಿದ್ದರು. ನಾನು ಬೂಸ್ಟರಿನ ಮೂತಿಯಿಂದ ಚೆಕ್ ವಾಲ್ವ್ ಕಿತ್ತು ಎರಡೂ ಕಡೆಯಿಂದ ಊದಿದೆ, ಎರಡೂ ಕಡೆ ಗಾಳಿ ಹೋಯಿತು. ಕುತೂಹಲಕ್ಕೆ ಬ್ಲೇಡಿನಿಂದ ಅಂಚು ಸೀಳಿ ತೆರೆದೆ. ಒಳಗೆ ಕೊಡೆಯ ಆಕಾರದ ತೆಳ್ಳನೆ ರಬ್ಬರ್. ಹೊಸದಿರುವಾಗ ಅದು ಕಿವಿಯ ಹಾಲೆಯಷ್ಟು ಮೆತ್ತಗಿರುತ್ತದೆ. ಇದು ಉಗುರಿನಷ್ಟು ಗಟ್ಟಿಯಾಗಿ ಅಂಚು ಮೇಲಕ್ಕೆ ಸುರುಳಿಕೊಂಡಿತ್ತು, ಅದರ ಕೆಳಗೆ ಎಣ್ಣೆಗೆ ಧೂಳು ಅಂಟಿ ಆದ ಕಪ್ಪು ಅಂಟು, ಅದರಲ್ಲಿ ಸಾಸಿವೆಗಿಂತ ಚಿಕ್ಕ ಒಂದು ಕಣ. ಅಷ್ಟೇ. ಹೊಸ ವಾಲ್ವ್ ಹಾಕಿ, ಜೊತೆಗೆ ಅದು ಕೂರುವ ರಬ್ಬರ್ ಗ್ರೊಮೆಟ್ ಕೂಡ ಬದಲಾಯಿಸಿದೆ. ಮರುದಿನ ಬೆಳಗ್ಗೆ ಪೆಡಲ್ ಮೆತ್ತಗೆ ಒಳಗೆ ಹೋಯಿತು. ಗ್ರೊಮೆಟ್ ವಿಷಯ ಒತ್ತಿ ಹೇಳುತ್ತೇನೆ. ವಾಲ್ವ್ ಹೊಸದು ಹಾಕಿ ಹಳೇ ಒಣಗಿದ ಗ್ರೊಮೆಟ್ ಬಿಟ್ಟರೆ ಸೋರುವುದು ಅದರ ಸುತ್ತಲಿಂದ, ಆಮೇಲೆ ಹೊಸ ವಾಲ್ವೇ ಕೆಟ್ಟದ್ದು ಅಂತ ಬೈಯುತ್ತಾ ಕೂರುತ್ತೀರಿ.

ನಿಮ್ಮ ಕಾರಿನಲ್ಲಿ ಹೀಗೆ ನೋಡಿ. ಎಂಜಿನ್ ಆಫ್ ಇರಲಿ. ಪೆಡಲ್ ಅನ್ನು ನಾಲ್ಕೈದು ಸಲ ಒತ್ತಿ, ಒಳಗಿದ್ದ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಕಾಲು ಒತ್ತಿಯೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನ ಕೆಳಗೆ ಸ್ವಲ್ಪ ಇಳಿಯಬೇಕು. ಇಳಿದರೆ ಬೂಸ್ಟರಿಗೆ ವ್ಯಾಕ್ಯೂಮ್ ತಲುಪುತ್ತಿದೆ. ಈಗ ಎಂಜಿನ್ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ, ಪೆಡಲ್ ಮುಟ್ಟದೆ ಹತ್ತು ನಿಮಿಷ ಬಿಡಿ. ಆಮೇಲೆ ಒತ್ತಿ. ಮೊದಲ ಒತ್ತು ಮೆತ್ತಗಿರಬೇಕು, ಎರಡನೆಯದೂ ತಕ್ಕಮಟ್ಟಿಗೆ. ಮೊದಲನೆಯದೇ ಗಟ್ಟಿಯಾದರೆ ಚೆಕ್ ವಾಲ್ವ್, ಗ್ರೊಮೆಟ್, ಬೂಸ್ಟರ್ ಈ ಮೂರರಲ್ಲಿ ಒಂದು ಸೋರುತ್ತಿದೆ. ವಾಲ್ವನ್ನು ಕಿತ್ತು ನೋಡಿ. ಕೀಳುವ ಮುಂಚೆ ಪೆಡಲ್ ಒತ್ತಿ ವ್ಯಾಕ್ಯೂಮ್ ಖಾಲಿ ಮಾಡಿಕೊಳ್ಳಿ, ಇಲ್ಲದಿದ್ದರೆ ಅದು ಕಚ್ಚಿ ಹಿಡಿದಿರುತ್ತದೆ, ತಿರುವಿ ಎಳೆದರೆ ಹಳೇ ಪ್ಲಾಸ್ಟಿಕ್ ಮೂತಿ ಪಟ್ ಅಂತ ಮುರಿಯುತ್ತದೆ. ವಾಲ್ವ್ ಗಟ್ಟಿಮುಟ್ಟಾಗಿದ್ದು, ಗ್ರೊಮೆಟ್ ಹೊಸದಿದ್ದೂ ಪೆಡಲ್ ಗಟ್ಟಿಯಾದರೆ ಆಗ ಮಾತ್ರ ಬೂಸ್ಟರ್ ಕಡೆ ನೋಡಿ. ಪೆಡಲ್ ಒತ್ತಿ ಹಿಡಿದಾಗ ಪೆಡಲ್ ಬುಡದಿಂದ ನಿಲ್ಲದೆ ಉಸ್ಸೆನ್ನುವ ಸದ್ದು ಬರುತ್ತಿದ್ದರೆ, ಜೊತೆಗೆ ಐಡ್ಲಿಂಗ್ ಬದಲಾದರೆ, ಡಯಾಫ್ರಾಮ್ ಹರಿದಿರುವ ಸಾಧ್ಯತೆ ಜಾಸ್ತಿ.

ಇನ್ನು ದಿಕ್ಕು. ಎಷ್ಟೋ ವಾಲ್ವ್‌ಗಳ ಮೇಲೆ ಬಾಣ ಇರುತ್ತದೆ, ಗಾಳಿ ಹೋಗುವ ದಿಕ್ಕಿಗೆ, ಅಂದರೆ ಎಂಜಿನ್ ಕಡೆಗೆ. ಆದರೆ ಬಣ್ಣವನ್ನು ನಂಬಬೇಡಿ. ಕಪ್ಪು ಯಾವ ಕಡೆ, ಬಿಳಿ ಯಾವ ಕಡೆ ಅನ್ನುವುದು ಒಬ್ಬೊಬ್ಬ ತಯಾರಕರದು ಒಂದೊಂದು ತರಹ. ಊದಿ ನೋಡುವುದೇ ನಂಬಿಕಸ್ತ ದಾರಿ. ವಾಲ್ವನ್ನು ಚೆನ್ನಾಗಿ ಒರೆಸಿ, ಮೂತಿಗೆ ಒಂದು ಗೇಣು ಶುಭ್ರವಾದ ಪೈಪ್ ಸಿಕ್ಕಿಸಿ ಅದರಿಂದ ಊದಿ. ನೇರವಾಗಿ ಬಾಯಿ ಹಾಕಬೇಡಿ, ಪೆಟ್ರೋಲ್ ಹಬೆ ಇರುತ್ತದೆ. ಬೂಸ್ಟರ್ ಅಥವಾ ಡಬ್ಬಿಯ ಕಡೆಯ ಮೂತಿಯಿಂದ ಊದಿದರೆ ಗಾಳಿ ಸಲೀಸಾಗಿ ಹೋಗಬೇಕು. ಎಂಜಿನ್ ಕಡೆಯ ಮೂತಿಯಿಂದ ಊದಿದರೆ ಗೋಡೆಗೆ ಊದಿದ ಹಾಗಿರಬೇಕು, ಒಂದಿಷ್ಟೂ ಹೋಗಬಾರದು. ತಿರುಗಾಮುರುಗಾ ಹಾಕಿದರೆ ಬೂಸ್ಟರಿಗೆ ವ್ಯಾಕ್ಯೂಮ್ ತಲುಪುವುದೇ ಇಲ್ಲ, ಎಂಜಿನ್ ಓಡುತ್ತಿದ್ದರೂ ಪೆಡಲ್ ಕಲ್ಲು. ಹಾಕಿದ ಮೇಲೆ ನಿಂತಲ್ಲೇ ಪರೀಕ್ಷೆ ಮಾಡದೆ ಕಾರನ್ನು ಒಂದಡಿಯೂ ಸರಿಸಬೇಡಿ.

ನೀವು ಹೇಳಿದ ಕಪ್ಪು ಬಿಳಿ ಬಿಲ್ಲೆ ಚೆಕ್ ವಾಲ್ವೇ ಆಗಿರಬೇಕು ಅಂತೇನಿಲ್ಲ, ಇದು ಬಹಳ ಜನ ಎಡವುವ ಜಾಗ. ಅದೇ ಗಾತ್ರದ, ಅದೇ ಆಕಾರದ ಇನ್ನೊಂದು ಇದೆ, ಡಿಲೇ ವಾಲ್ವ್ ಅಂತ. ಅದರೊಳಗೆ ಗಾಳಿಯನ್ನು ತಡೆತಡೆದು ಬಿಡುವ ಬಹಳ ಸಣ್ಣ ದಾರಿ ಇರುತ್ತದೆ, ಇಗ್ನಿಷನ್ ಅಡ್ವಾನ್ಸ್ (ಕಿಡಿಯನ್ನು ಸ್ವಲ್ಪ ಮುಂಚೆಯೇ ಹಾರಿಸುವುದು) ಒಮ್ಮೆಲೇ ಬಾರದೆ ನಿಧಾನಕ್ಕೆ ಬರಲಿ ಅಂತ ಡಿಸ್ಟ್ರಿಬ್ಯೂಟರಿನ, ಅಂದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಸಾಧನದ, ಪೈಪಿನಲ್ಲಿ ಹಾಕಿರುತ್ತಾರೆ. ಊದಿದರೆ ಒಂದು ಕಡೆ ಸಲೀಸು, ಇನ್ನೊಂದು ಕಡೆ ಕಷ್ಟಪಟ್ಟು ಸ್ವಲ್ಪ ಸ್ವಲ್ಪ ಹೋಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಚೆಕ್ ವಾಲ್ವ್ ಪೂರ್ತಿ ನಿಲ್ಲಿಸುತ್ತದೆ. ಡಿಲೇ ವಾಲ್ವಿನ ಜಾಗದಲ್ಲಿ ಚೆಕ್ ವಾಲ್ವ್ ಹಾಕಿದರೆ ದಿಕ್ಕಿಗೆ ತಕ್ಕ ಹಾಗೆ ಅಡ್ವಾನ್ಸ್ ಬರುವುದೇ ಇಲ್ಲ, ಇಲ್ಲವೇ ಬಂದದ್ದು ವಾಪಸ್ ಹೋಗುವುದಿಲ್ಲ, ಎಂಜಿನ್ ನಾಕ್ ಆಗುತ್ತದೆ (ಒಳಗೆ ಬಡಿದ ಹಾಗೆ ಸದ್ದು ಬರುತ್ತದೆ). ಹಾಗಾಗಿ ಅದು ಯಾವ ಪೈಪಿನ ಮಧ್ಯೆ ಇದೆ, ಆ ಪೈಪ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅಂತ ಕೈಯಾಡಿಸಿಕೊಂಡು ಹೋಗಿ. ಡ್ಯಾಶ್‌ಬೋರ್ಡ್ ಕಡೆಗೆ, ಅಥವಾ ಒಂದು ಪ್ಲಾಸ್ಟಿಕ್ ಉಂಡೆಯಂಥ ಡಬ್ಬಿಗೆ ಹೋದರೆ ಚೆಕ್ ವಾಲ್ವ್. ಡಿಸ್ಟ್ರಿಬ್ಯೂಟರ್ ಮೇಲಿನ ತಟ್ಟೆಯಂಥ ಡಬ್ಬಿಗೆ ಹೋದರೆ ಡಿಲೇ ವಾಲ್ವ್ ಇರಬಹುದು.

ನಾನು ಯಾವ ಹಳೇ ಕಾರಿಗೆ ಕೈಹಾಕಿದರೂ ಮೊದಲು ಪ್ರತಿ ಪೈಪನ್ನೂ ಹೀಗೆ ಓದುತ್ತೇನೆ: ಹುಟ್ಟುವ ಜಾಗ ಯಾವುದು, ಮಧ್ಯೆ ಏನಿದೆ, ಕೂಡಿಡುವ ಡಬ್ಬಿ ಇದೆಯೇ, ಕೊನೆಗೆ ಬಳಸುವವರು ಯಾರು. ಇದನ್ನು ಒಂದು ಹಾಳೆಯಲ್ಲಿ ಗೀಚಿಕೊಳ್ಳಿ. ಎಷ್ಟೋ ಕಾರುಗಳ ಬಾನೆಟ್ ಒಳಗಡೆ ಪೈಪುಗಳ ನಕ್ಷೆಯ ಸ್ಟಿಕರ್ ಇರುತ್ತದೆ, ಕೊಳೆ ಒರೆಸಿ ನೋಡಿ.

ಹುಟ್ಟುವ ಜಾಗದಲ್ಲಿ ಎರಡು ಬಗೆ ಇದೆ. ಕೆಲವು ಮೂತಿಗಳು ಥ್ರಾಟಲ್ ಬಿಲ್ಲೆಯ ಕೆಳಗೆ, ಮ್ಯಾನಿಫೋಲ್ಡ್‌ನಲ್ಲಿ, ಅಲ್ಲಿ ಐಡ್ಲಿಂಗ್‌ನಲ್ಲೇ ಪೂರ್ತಿ ವ್ಯಾಕ್ಯೂಮ್. ಬೂಸ್ಟರ್ ಮತ್ತು ಎ.ಸಿ. ಇಲ್ಲಿಂದಲೇ ತೆಗೆದುಕೊಳ್ಳಬೇಕು. ಇನ್ನು ಕೆಲವು ಮೂತಿಗಳು ಕಾರ್ಬ್ಯುರೇಟರ್ ಮೈಮೇಲೆ, ಮುಚ್ಚಿದ ಥ್ರಾಟಲ್ ಅಂಚಿಗಿಂತ ಚೂರು ಮೇಲೆ. ಅಲ್ಲಿ ಐಡ್ಲಿಂಗ್‌ನಲ್ಲಿ ಏನೂ ಇರುವುದಿಲ್ಲ, ಥ್ರಾಟಲ್ ಸ್ವಲ್ಪ ತೆರೆದ ಮೇಲೆ ಬರುತ್ತದೆ. ಪೋರ್ಟೆಡ್ ವ್ಯಾಕ್ಯೂಮ್ ಅನ್ನುವುದು ಇದಕ್ಕೇ. ಬಹಳಷ್ಟು ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಅಡ್ವಾನ್ಸ್, ಇ.ಜಿ.ಆರ್. ವಾಲ್ವ್ (ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಎಂಜಿನ್ ಒಳಗೆ ವಾಪಸ್ ಬಿಡುವ ವಾಲ್ವ್) ಇಂಥವು ಇಲ್ಲಿಗೆ ಸೇರುತ್ತವೆ. ಐಡ್ಲಿಂಗ್‌ನಲ್ಲಿ ಪೈಪ್ ಬಿಚ್ಚಿ ಮೂತಿಗೆ ಬೆರಳು ಇಟ್ಟರೆ ಗೊತ್ತಾಗುತ್ತದೆ, ಬೆರಳು ಕಚ್ಚಿದರೆ ಮ್ಯಾನಿಫೋಲ್ಡ್, ಕಚ್ಚದಿದ್ದರೆ ಪೋರ್ಟೆಡ್. ಇ.ಜಿ.ಆರ್. ಪೈಪನ್ನು ತಪ್ಪಿ ಮ್ಯಾನಿಫೋಲ್ಡ್ ಮೂತಿಗೆ ಹಾಕಿದರೆ ಐಡ್ಲಿಂಗ್‌ನಲ್ಲೇ ಹೊಗೆ ವಾಪಸ್ ಎಂಜಿನ್ ಒಳಗೆ ಹೋಗಿ ನಡುಕ ಶುರುವಾಗುತ್ತದೆ. ಪೈಪ್ ಒಂದೂ ಹರಿದಿರುವುದಿಲ್ಲ, ಆದರೂ ಎಂಜಿನ್ ನಡುಗುತ್ತದೆ, ಹುಡುಕುವವರು ಸುಸ್ತಾಗುತ್ತಾರೆ.

ಈಗ ನಿಮ್ಮ ನಡುಕ ಮತ್ತು ಉಸ್ ಸದ್ದು. ಕಾರ್ಬ್ಯುರೇಟರ್ ಲೆಕ್ಕ ಹಾಕದ ಗಾಳಿ ಸೀಳಿದ ಪೈಪಿನಿಂದ ನುಗ್ಗಿದರೆ ಮಿಶ್ರಣ ತೆಳುವಾಗುತ್ತದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯುವ ಒಟ್ಟು ಗಾಳಿಯೇ ಕಡಿಮೆ, ಅದರಲ್ಲಿ ಈ ಕಳ್ಳಗಾಳಿಯ ಪಾಲು ದೊಡ್ಡದು, ಅದಕ್ಕೇ ನಡುಕ ಐಡ್ಲಿಂಗ್‌ನಲ್ಲಿ ಜಾಸ್ತಿ, ವೇಗದಲ್ಲಿ ಗೊತ್ತೇ ಆಗುವುದಿಲ್ಲ. ಹುಡುಕುವುದಕ್ಕೆ ನನ್ನ ಮೆಚ್ಚಿನ ಸಾಧನ ಒಂದು ಮೀಟರ್ ಉದ್ದದ ಖಾಲಿ ಪೈಪ್. ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿಯನ್ನು ಪೈಪುಗಳ ಮೇಲೆ ಆಡಿಸುತ್ತಾ ಹೋಗಿ. ಸೋರುವ ಜಾಗಕ್ಕೆ ಬಂದಾಗ ಸದ್ದು ಕಿವಿಗೆ ಹೊಡೆದ ಹಾಗೆ ಕೇಳಿಸುತ್ತದೆ. ಫ್ಯಾನ್ ಮತ್ತು ಬೆಲ್ಟಿನಿಂದ ಕೈ, ಪೈಪ್, ತೋಳಿನ ಬಟ್ಟೆ ದೂರ ಇರಲಿ. ಇನ್ನೊಂದು ದಾರಿ, ಪ್ರತಿ ಪೈಪನ್ನು ಅದು ಹುಟ್ಟುವ ಮೂತಿಯ ಹತ್ತಿರ ಮೆತ್ತಗೆ ಹಿಸುಕಿ ಮುಚ್ಚುವುದು. ಯಾವ ಪೈಪ್ ಹಿಸುಕಿದಾಗ ಐಡ್ಲಿಂಗ್ ಬದಲಾಗುತ್ತದೋ ಸೋರಿಕೆ ಅದರ ಹಾದಿಯಲ್ಲಿದೆ. ಒಂದು ಪೈಪ್ ಮಾತ್ರ ಈ ಲೆಕ್ಕಕ್ಕೆ ಹೊರತು, ಅದು ಪಿ.ಸಿ.ವಿ., ಕ್ರ್ಯಾಂಕ್‌ಕೇಸ್ ಹಬೆ ಎಳೆಯುವ ಪೈಪ್. ಅದರಲ್ಲಿ ಗಾಳಿ ಹರಿಯುವುದೇ ಅದರ ಕೆಲಸ, ಹಿಸುಕಿದರೆ ಆರ್.ಪಿ.ಎಂ. ಸ್ವಲ್ಪ ಬೀಳುವುದು ಸರಿ. ಪಿ.ಸಿ.ವಿ. ವಾಲ್ವನ್ನು ಕಿತ್ತು ಅಲ್ಲಾಡಿಸಿದರೆ ಒಳಗೆ ಟಕಟಕ ಅನ್ನಬೇಕು, ಇಲ್ಲದಿದ್ದರೆ ಕೊಳೆ ಕಟ್ಟಿಕೊಂಡಿದೆ.

ಸೋರಿಕೆ ಹುಡುಕಲು ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸುವವರು ಬಹಳ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಅದನ್ನು ಸಿಂಪಡಿಸಬೇಡಿ, ಹತ್ತಿಕೊಳ್ಳುತ್ತದೆ. ಸಿಂಪಡಿಸುವ ಬಾಟಲಿಯಲ್ಲಿ ಬರೀ ನೀರು ಹಾಕಿ ಪೈಪಿನ ಕೀಲುಗಳಿಗೆ, ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್‌ಗೆ ಒಂಚೂರು ಚಿಮುಕಿಸಿದರೆ ಸಾಕು, ಇಗ್ನಿಷನ್ ವೈರ್‌ಗಳಿಗೆ ತಾಗದ ಹಾಗೆ. ನೀರು ಸೀಳನ್ನು ಕ್ಷಣಕಾಲ ಮುಚ್ಚುತ್ತದೆ, ಸದ್ದು ಬದಲಾಗುತ್ತದೆ.

ಕಣ್ಣಿನಿಂದ ನೋಡುವುದನ್ನು ಮಾತ್ರ ನಂಬಬೇಡಿ. ಹಳೇ ರಬ್ಬರ್ ಪೈಪ್ ನೇರವಾಗಿ ಮಲಗಿದ್ದಾಗ ಚೆನ್ನಾಗಿಯೇ ಕಾಣುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ತುದಿಯನ್ನು ಬಗ್ಗಿಸಿ ನೋಡಿ, ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕುಗಳು ಬಾಯಿ ಬಿಡುತ್ತವೆ. ಬಿರುಕು ಹೆಚ್ಚಾಗಿ ಮೂತಿಗೆ ಸಿಕ್ಕಿಸಿದ ಕೊನೆಯ ಒಂದು ಸೆಂಟಿಮೀಟರ್‌ನಲ್ಲಿ, ಅದೂ ಕೆಳಮೈಯಲ್ಲಿ, ಬಿಸಿ ತಾಗುವ ಕಡೆ. ಬಿರುಕು ಅಷ್ಟಕ್ಕೇ ಇದ್ದು ಉಳಿದದ್ದು ಮೆತ್ತಗಿದ್ದರೆ ತುದಿ ಕತ್ತರಿಸಿ ಮತ್ತೆ ಹಾಕಿದರೂ ನಡೆಯುತ್ತದೆ. ಇಡೀ ಪೈಪ್ ಗಟ್ಟಿಯಾಗಿದ್ದರೆ ಬದಲಾಯಿಸಿ. ಪ್ಲಾಸ್ಟಿಕ್ ಟಿ-ಜಾಯಿಂಟ್‌ಗಳನ್ನೂ ಬೆರಳಿನಿಂದ ಮೆಲ್ಲಗೆ ಅಲುಗಾಡಿಸಿ, ಬಿಸಿಗೆ ಒಣಗಿ ಬಿಸ್ಕತ್ತಿನ ಹಾಗೆ ಆಗಿರುತ್ತವೆ.

ಬದಲಾಯಿಸುವಾಗ ಒಂದು ಬಿಚ್ಚಿ, ಒಂದು ಹಾಕಿ, ಆಮೇಲೆ ಮುಂದಿನದು. ಎಲ್ಲ ಒಟ್ಟಿಗೆ ಕಿತ್ತು ಗುಡ್ಡೆ ಹಾಕಿದರೆ ಆ ರಾತ್ರಿ ನಿದ್ದೆ ಇಲ್ಲ. ಹಳೇ ಪೈಪನ್ನು ಎಸೆಯುವ ಮುಂಚೆ ಉದ್ದಕ್ಕೂ ಹಿಸುಕಿ ನೋಡಿ. ಕೆಲವದರ ಒಳಗೆ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಒಂದು ಪುಟ್ಟ ಮಣಿ ಸಿಕ್ಕಿಸಿರುತ್ತಾರೆ, ಅದರಲ್ಲಿ ಸೂಜಿ ಹೋಗುವಷ್ಟೇ ರಂಧ್ರ. ಗಾಳಿಯ ಹರಿವಿಗೆ ಮಿತಿ ಹಾಕಲು ಅದನ್ನು ಇಟ್ಟಿರುವುದು. ಹೊಸ ಪೈಪಿಗೆ ಅದನ್ನು ವರ್ಗಾಯಿಸದಿದ್ದರೆ ಎಲ್ಲ ಹೊಸದು ಹಾಕಿದ ಮೇಲೂ ಕಾರು ಮೊದಲಿಗಿಂತ ಕೆಟ್ಟದಾಗಿ ಓಡುತ್ತದೆ. ಇದನ್ನು ನಾನು ಕಲಿತದ್ದು ಕಸದ ಡಬ್ಬಿಯಿಂದ ಹಳೇ ಪೈಪುಗಳನ್ನು ಎತ್ತಿ ಒಂದೊಂದಾಗಿ ಸೀಳಿ ನೋಡಿದ ದಿನ.

ಪೈಪ್ ಯಾವುದು ಅನ್ನುವುದೂ ಮುಖ್ಯ. ವ್ಯಾಕ್ಯೂಮಿಗೆ ದಪ್ಪ ಗೋಡೆಯ ಪೈಪ್ ಬೇಕು, ತೆಳುವಾದದ್ದು ಬಿಸಿಯಾದ ಮೇಲೆ ಒಳಕ್ಕೆ ಕುಸಿದು ತಾನೇ ಮುಚ್ಚಿಕೊಳ್ಳುತ್ತದೆ. ಒಳಗಿನ ಅಳತೆ ಮೂತಿಗಿಂತ ಚೂರು ಬಿಗಿಯಾಗಿರಲಿ. ಸಿಲಿಕಾನ್ ಪೈಪ್ ಬಿಸಿ ಚೆನ್ನಾಗಿ ತಡೆಯುತ್ತದೆ, ನೋಡಲೂ ಚೆಂದ, ಆದರೆ ಪೆಟ್ರೋಲ್, ಎಣ್ಣೆ ಹಬೆ ಇರುವ ಕಡೆ ಬೇಡ, ಅದು ಊದಿಕೊಂಡು ಮೆತ್ತಗಾಗುತ್ತದೆ. ಪಿ.ಸಿ.ವಿ.ಗೆ ಎಣ್ಣೆ ತಡೆಯುವ ರಬ್ಬರೇ ಬೇಕು. ಬೂಸ್ಟರಿಗೆ ಬೂಸ್ಟರಿಗೆಂದೇ ಮಾಡಿದ ಪೈಪ್ ಹಾಕಿ, ಅಲ್ಲಿ ರಾಜಿ ಬೇಡ.

ಸ್ಕ್ರೂ ತಿರುಗಿಸಿಟ್ಟ ಎರಡು ಪೈಪುಗಳ ಬಗ್ಗೆ ನನಗೆ ಅನುಮಾನ ಜಾಸ್ತಿ. ಸ್ಕ್ರೂವಿನ ಸುತ್ತು ಗೆರೆಗಳ ಉದ್ದಕ್ಕೂ ಗಾಳಿ ನುಸುಳುತ್ತದೆ, ನಿಮ್ಮ ಉಸ್ ಸದ್ದು ಅಲ್ಲಿಂದಲೇ ಬರುತ್ತಿರಬಹುದು. ಅದಕ್ಕಿಂತ ಮುಖ್ಯ, ಅವರು ಯಾಕೆ ಮುಚ್ಚಿದರು? ಸಾಮಾನ್ಯವಾಗಿ ಆ ಪೈಪಿನ ಕೊನೆಯಲ್ಲಿದ್ದ ಡಯಾಫ್ರಾಮ್ ಹರಿದು ಐಡ್ಲಿಂಗ್ ಕೆಟ್ಟಿರುತ್ತದೆ, ಹೊಸದು ಹಾಕುವ ಬದಲು ಪೈಪ್ ಮುಚ್ಚಿರುತ್ತಾರೆ. ಅದು ಡಿಸ್ಟ್ರಿಬ್ಯೂಟರಿನದಾದರೆ ಅಂದಿನಿಂದ ನಿಮ್ಮ ಕಾರು ವ್ಯಾಕ್ಯೂಮ್ ಅಡ್ವಾನ್ಸ್ ಇಲ್ಲದೆ ಓಡುತ್ತಿದೆ, ಮೈಲೇಜ್ ಕಡಿಮೆ, ಹದವಾದ ವೇಗದಲ್ಲಿ ಎಳೆತ ಕಡಿಮೆ. ಹ್ಯಾಂಡ್ ವ್ಯಾಕ್ಯೂಮ್ ಪಂಪ್ ಒಂದು ಸಿಕ್ಕರೆ ಪ್ರತಿ ಡಯಾಫ್ರಾಮ್‌ಗೂ 15 ಇಂಚು ಎಳೆದು ಒಂದು ನಿಮಿಷ ಬಿಡಿ. ಮುಳ್ಳು ಅಲ್ಲೇ ನಿಂತರೆ ಗಟ್ಟಿ, ಇಳಿದರೆ ಹರಿದಿದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಎಳೆದರೆ ಒಳಗಿನ ತಟ್ಟೆ ಸರಿಯುವುದು ಕಣ್ಣಿಗೇ ಕಾಣುತ್ತದೆ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ ಇನ್ನೊಂದು ನೋಡಿ. ಹಳೇ ಗೇರ್‌ಬಾಕ್ಸ್‌ಗಳಲ್ಲಿ ಮಾಡ್ಯುಲೇಟರ್ ಅಂತ ಒಂದು ಡಬ್ಬಿಗೆ ವ್ಯಾಕ್ಯೂಮ್ ಪೈಪ್ ಹೋಗುತ್ತದೆ. ಅದರ ಡಯಾಫ್ರಾಮ್ ಹರಿದರೆ ಎಂಜಿನ್ ಗೇರ್‌ಬಾಕ್ಸ್ ಎಣ್ಣೆಯನ್ನೇ ಕುಡಿಯುತ್ತದೆ, ಹಿಂದೆ ಬಿಳಿ ಹೊಗೆ, ಗೇರ್ ತಡವಾಗಿ ಜೋರಾಗಿ ಬೀಳುತ್ತದೆ. ಪೈಪ್ ಬಿಚ್ಚಿದಾಗ ಒಳಗೆ ಎಣ್ಣೆ ಕಂಡರೆ ಅನುಮಾನವೇ ಬೇಡ.

ಡೀಸೆಲ್ ಕಾರಿನವರಿಗೂ ಒಂದು ಮಾತು, ಯಾಕಂದರೆ ಅವರೂ ಇದನ್ನು ಓದುತ್ತಾರೆ. ಹಳೇ ಡೀಸೆಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಥ್ರಾಟಲ್ ಇಲ್ಲ, ಮ್ಯಾನಿಫೋಲ್ಡ್‌ನಲ್ಲಿ ಬಳಸುವಷ್ಟು ವ್ಯಾಕ್ಯೂಮ್ ಹುಟ್ಟುವುದಿಲ್ಲ, ಅದಕ್ಕೇ ಬೇರೆ ಪಂಪ್ ಇರುತ್ತದೆ. 1976ರಿಂದ 1980ರ ದಶಕದ ಮಧ್ಯದವರೆಗೆ ಬಂದ ಮರ್ಸಿಡಿಸ್ ಡಬ್ಲ್ಯು123 ಇದಕ್ಕೆ ಒಳ್ಳೇ ಉದಾಹರಣೆ. ಅದರ ಡೀಸೆಲ್ ಎಂಜಿನ್ ಆಫ್ ಆಗುವುದು ವ್ಯಾಕ್ಯೂಮಿನಿಂದ, ಬಾಗಿಲುಗಳ ಸೆಂಟ್ರಲ್ ಲಾಕ್ ಕೂಡ ವ್ಯಾಕ್ಯೂಮಿನಿಂದಲೇ. ಹಾಗಾಗಿ ಒಂದು ಬಾಗಿಲಿನ ಒಳಗಿನ ಡಯಾಫ್ರಾಮ್ ಸೋರಿದರೂ ಕೀ ತಿರುಗಿಸಿದಾಗ ಎಂಜಿನ್ ನಿಲ್ಲದೆ ಓಡುತ್ತಲೇ ಇರಬಹುದು. ಬಾಗಿಲಿಗೂ ಎಂಜಿನ್ನಿಗೂ ಏನು ಸಂಬಂಧ ಅನ್ನಿಸುತ್ತದೆ ಅಲ್ವಾ? ಪೈಪ್ ಹಿಡಿದು ನಡೆದರೆ ಸಂಬಂಧ ಸಿಗುತ್ತದೆ.

ಗೇಜ್ ಒಂದನ್ನು ಮ್ಯಾನಿಫೋಲ್ಡ್ ಮೂತಿಗೆ ಹಾಕಿ ಓದುವುದನ್ನು ಕಲಿತರೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಮುಳ್ಳು ಅಲುಗದೆ 10ರಿಂದ 15ರ ನಡುವೆ ನಿಂತರೆ ಸೋರಿಕೆ ಇರಬಹುದು, ಇಲ್ಲವೇ ಟೈಮಿಂಗ್ ಹಿಂದೆ ಬಿದ್ದಿರಬಹುದು. ಒಂದೇ ತಾಳದಲ್ಲಿ ಮತ್ತೆ ಮತ್ತೆ ಬಿದ್ದರೆ ಎಂಜಿನ್ ವಾಲ್ವ್ ಒಂದು ಸರಿಯಾಗಿ ಕೂರುತ್ತಿಲ್ಲ. ಆರ್.ಪಿ.ಎಂ. ಏರಿಸಿ ಹಿಡಿದಾಗ ನಿಧಾನಕ್ಕೆ ಕೆಳಗಿಳಿಯುತ್ತಾ ಹೋದರೆ ಎಕ್ಸಾಸ್ಟ್ ಕಟ್ಟಿಕೊಂಡಿದೆ. ಎಲ್ಲವನ್ನೂ ಪೈಪಿನ ತಲೆಗೆ ಕಟ್ಟಬಾರದು ಅಂತ ಇದನ್ನು ಹೇಳಿದೆ.

ನಿಮ್ಮ ಕಾರಿಗೆ ನಾನು ಹಿಡಿಯುವ ಕ್ರಮ ಇದು. ಮೊದಲು ಬೂಸ್ಟರಿನ ಪೈಪ್, ಚೆಕ್ ವಾಲ್ವ್, ಗ್ರೊಮೆಟ್, ಮೂರೂ ಹೊಸದು. ಆಮೇಲೆ ಡ್ಯಾಶ್‌ಬೋರ್ಡಿಗೆ ಹೋಗುವ ಪೈಪಿನ ಬಿಲ್ಲೆಯನ್ನು ಊದಿ ನೋಡಿ, ವ್ಯಾಕ್ಯೂಮ್ ಡಬ್ಬಿಯಲ್ಲಿ ಬಿರುಕು ಇದೆಯಾ ನೋಡಿ. ಬ್ಯಾಟರಿ ಪಕ್ಕದಲ್ಲೋ ಬಂಪರ್ ಹಿಂದೆಯೋ ಅಡಗಿರುವ ಡಬ್ಬಿಗಳು ತಳದಲ್ಲಿ ಒಡೆದಿರುತ್ತವೆ. ಆಮೇಲೆ ಸ್ಕ್ರೂಗಳನ್ನು ತೆಗೆದು ಆ ಪೈಪುಗಳ ಗುರಿ ಹುಡುಕಿ. ಸದ್ಯಕ್ಕೆ ಮುಚ್ಚಲೇಬೇಕಾದರೆ ಎಂಜಿನ್ ಕಡೆಯ ಮೂತಿಗೆ ಸರಿಯಾದ ರಬ್ಬರ್ ಟೋಪಿ ಹಾಕಿ.

ಎಲ್ಲ ಸರಿಯಾದ ಮೇಲೆ ಎಂಜಿನ್ ಐಡ್ಲಿಂಗ್ ಬದಲಾಗುತ್ತದೆ, ಗಾಬರಿ ಬೇಡ. ಸೋರಿಕೆ ಇದ್ದಾಗ ಯಾರೋ ಕಾರ್ಬ್ಯುರೇಟರಿನ ಸ್ಕ್ರೂಗಳನ್ನು ಅದಕ್ಕೆ ಹೊಂದಿಸಿರುತ್ತಾರೆ, ಈಗ ಆ ಕಳ್ಳಗಾಳಿ ಇಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೊದಲು ಇಗ್ನಿಷನ್ ಟೈಮಿಂಗ್ ನೋಡಿ, ಆಮೇಲೆ ಐಡ್ಲಿಂಗ್ ವೇಗ ಮತ್ತು ಮಿಶ್ರಣ. ಬಹಳಷ್ಟು ಹಳೇ ಕಾರುಗಳಲ್ಲಿ ಟೈಮಿಂಗ್ ನೋಡುವಾಗ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಬಿಚ್ಚಿ ತುದಿ ಮುಚ್ಚಬೇಕು, ನಿಮ್ಮ ಮಾಡೆಲ್‌ಗೆ ಏನು ಹೇಳಿದೆ ಅಂತ ಕೈಪಿಡಿಯಲ್ಲಿ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಆ ಪೈಪನ್ನು ವಾಪಸ್ ಸಿಕ್ಕಿಸಿ, ಬಾನೆಟ್ ಹಾಕುವ ಮುಂಚೆ ಇನ್ನೊಮ್ಮೆ ಬೆರಳಿನಿಂದ ಮುಟ್ಟಿ ನೋಡಿ.